ಅಜ್ಜನ ಕ್ಷೌರದ ಕತ್ತಿ, ಸಾವಿರ ನಂಬರಿನ ಕಲ್ಲು

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು. ಅಟ್ಟ ಗುಡಿಸುವಾಗ ಅಜ್ಜನ ಟ್ರಂಕಿನಲ್ಲಿ ಮಡಚುವ ಕ್ಷೌರದ ಕತ್ತಿಯೊಂದು ಸಿಕ್ಕಿತು. ಅಲಗಿನ ಬುಡದಲ್ಲಿ ‘ಸೋಲಿಂಗೆನ್’ ಎಂದು ಕೊರೆದಿದೆ. ಅಲ್ಲಲ್ಲಿ ತುಕ್ಕಿನ ಚುಕ್ಕೆಗಳಿವೆ. ಇದರಲ್ಲೇ ಗಡ್ಡ ತೆಗೆಯಬೇಕೆಂಬ ಆಸೆ. ಒಂದು ಕಡೆ 1000, ಇನ್ನೊಂದು ಕಡೆ 6000 ನಂಬರ್ ಇರುವ ಜೋಡಿ ಕಲ್ಲು ತರಿಸಿದೆ. 1000ದಲ್ಲಿ ಐವತ್ತು ಸಲ, 6000ದಲ್ಲಿ ನೂರು ಸಲ ತಿಕ್ಕಿದೆ. ಮೊನೆಯ ಕಡೆ ಕೈಮೇಲಿನ ಕೂದಲು ಬೋಳಿಸುತ್ತದೆ, ಬುಡದ ಕಡೆ ಏನೂ ಇಲ್ಲ. ಕೆನ್ನೆಗೆ ಇಟ್ಟರೆ ಕೂದಲು ಜಗ್ಗುತ್ತದೆ, ಆಮೇಲೆ ಉರಿ. ಸೊಂಟದ ಬೆಲ್ಟಿನ ಮೇಲೆ ಎಳೆದಷ್ಟೂ ಇನ್ನೂ ಮೊಂಡಾಗುತ್ತಿದೆ. 12000 ನಂಬರಿನ ಕಲ್ಲು ತೆಗೆದುಕೊಳ್ಳಬೇಕಾ? ಅಥವಾ ಜಾತ್ರೆಗೆ ಬರುವ ಸಾಣೆಯವರಿಗೆ ಕೊಟ್ಟರೆ ಆಗುತ್ತದಾ?

ಉತ್ತರ: ಎರಡೂ ಬೇಡ. 12000 ನಂಬರಿನ ಕಲ್ಲು ಈಗ ಬೇಡ, ಸಾಣೆ ಚಕ್ರ ಯಾವತ್ತೂ ಬೇಡ.

ಚಕ್ರದ ವಿಷಯ ಮೊದಲು ಮುಗಿಸಿಬಿಡೋಣ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಸಾಣೆಯವರೂ ಬರುತ್ತಾರೆ. ತರಕಾರಿ ಚಾಕು, ಕತ್ತರಿಗೆಲ್ಲ ಅವರ ಕೈಗುಣ ಒಳ್ಳೆಯದೇ. ಆದರೆ ಕ್ಷೌರದ ಕತ್ತಿಯ ಅಲಗು ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಹತ್ತಿರ ಕಾಗದದಷ್ಟು ತೆಳು. ತಿರುಗುವ ಚಕ್ರಕ್ಕೆ ತಾಗಿದ ಕೂಡಲೇ ಆ ತೆಳು ಉಕ್ಕು ಕಾದುಬಿಡುತ್ತದೆ. ಉಕ್ಕಿನ ಮೇಲೆ ನೀಲಿ ಬಣ್ಣ ಕಂಡಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿತು ಅಂತ ಲೆಕ್ಕ, ಅಲ್ಲಿಗೆ ಅದರ ಗಡಸುತನ ಹೋಯಿತು. ಆಮೇಲೆ ಯಾವ ಕಲ್ಲಿನಲ್ಲಿ ಮಸೆದರೂ ಆ ಜಾಗ ಹರಿತ ಹಿಡಿದುಕೊಳ್ಳುವುದಿಲ್ಲ. ಕಿಡಿ ಹಾರಿಸಿಕೊಂಡು ಹಾಳಾದ ಕತ್ತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದೂ ಸರಿಯಾಗಿಲ್ಲ.

ಈಗ ಕಲ್ಲಿಗೆ ಬರೋಣ. ನಂಬರ್ ಹೆಚ್ಚಿದಷ್ಟೂ ಕಲ್ಲಿನ ಕಣ ನುಣುಪು. ನಿಮ್ಮ ಕತ್ತಿಯ ತೊಂದರೆ ಇರುವುದು 1000ದ ಕಲ್ಲಿನಲ್ಲಿ. ಬಾಯಿ ಹುಟ್ಟುವುದೇ ಅಲ್ಲಿ. ಮುಂದಿನ ಕಲ್ಲುಗಳೆಲ್ಲ ಹುಟ್ಟಿದ ಬಾಯಿಯನ್ನು ನುಣುಪು ಮಾಡುತ್ತವೆ, ಅಷ್ಟೇ. ನೀವು ಐವತ್ತು ಎಂದು ಎಣಿಸಿ ಮೇಲಕ್ಕೆ ಹೋಗಿದ್ದೀರಿ. ಬುಡದ ಕಡೆ ಬಾಯಿ ಇನ್ನೂ ಹುಟ್ಟೇ ಇರಲಿಲ್ಲ. ಅಂಗಳ ಸಮ ಮಾಡದೆ ಸಗಣಿ ಸಾರಿಸಿದ ಹಾಗಾಯಿತು. ಮೇಲೆ ನುಣ್ಣಗೆ ಕಾಣುತ್ತದೆ, ಹೊಂಡ ಹೊಂಡವಾಗಿಯೇ ಇರುತ್ತದೆ.

ಇದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ಕಾರವಾರದಲ್ಲಿ ಅಪ್ಪನದು ಕ್ಷೌರದ ಅಂಗಡಿ. ನಾನು ಹದಿನಾರನೇ ವಯಸ್ಸಿನಲ್ಲಿ ಮೊದಲ ಸಲ ಕತ್ತಿ ಮಸೆದು, ಹೊಳೆಯುತ್ತಿದೆ ಎಂದು ಖುಷಿಯಿಂದ ತೋರಿಸಿದೆ. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಬಾಯಿ ಮೇಲೆ ಮಾಡಿ ಹಿಡಿದರು. ಏನೂ ಹೇಳದೆ ವಾಪಸ್ ಕಲ್ಲಿನ ಮೇಲಿಟ್ಟರು. ಮೂರು ಸಲ ಹೀಗೇ ಆಯಿತು. ನಾಲ್ಕನೇ ಸಲ ನನ್ನನ್ನೂ ಪಕ್ಕಕ್ಕೆ ಕರೆದು ತೋರಿಸಿದರು. ಬಾಯಿಯ ಉದ್ದಕ್ಕೂ ಅಲ್ಲಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಮಿಂಚುತ್ತಿತ್ತು. ಮೊಂಡು ಅಂದರೆ ಅದೇ. ನಿಜವಾಗಿ ಹರಿತ ಇರುವ ಬಾಯಿ ಬೆಳಕನ್ನು ವಾಪಸ್ ಕಳಿಸುವುದಿಲ್ಲ, ಏಕೆಂದರೆ ಬೆಳಕು ಬಿದ್ದು ಹೊಳೆಯುವಷ್ಟು ಜಾಗವೇ ಅಲ್ಲಿ ಇರುವುದಿಲ್ಲ. ಇವತ್ತು ರಾತ್ರಿ ನಿಮ್ಮ ಕತ್ತಿಯನ್ನೂ ಹೀಗೆ ದೀಪದ ಕೆಳಗೆ ಹಿಡಿದು ನೋಡಿ. ಬುಡದ ಮೂರನೇ ಒಂದು ಭಾಗದಲ್ಲಿ ಆ ಗೆರೆ ಕಾಣದಿದ್ದರೆ ನನ್ನ ಮಾತು ಬಿಟ್ಟುಬಿಡಿ.

ಈ ಕತ್ತಿಯ ಕಟ್ಟಣೆ ಒಮ್ಮೆ ತಿಳಿದುಕೊಂಡರೆ ಅರ್ಧ ಕೆಲಸ ಹಗುರ. ಬೇರೆ ಚಾಕುವಿಗೆ ಕೋನ ನಾವು ಕೈಯಲ್ಲಿ ಹಿಡಿಯಬೇಕು. ಇದಕ್ಕೆ ಹಾಗಿಲ್ಲ. ಬೆನ್ನು (ಬಾಯಿಗೆ ಎದುರಿನ ದಪ್ಪ ಅಂಚು) ಮತ್ತು ಬಾಯಿ ಎರಡೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಬೇಕು. ಬೆನ್ನು ಎಷ್ಟು ದಪ್ಪ, ಅಲಗು ಎಷ್ಟು ಅಗಲ ಎಂಬುದೇ ಕೋನವನ್ನು ತೀರ್ಮಾನಿಸುತ್ತದೆ. ಬೆನ್ನು 4.5 ಮಿ.ಮೀ. ದಪ್ಪ, ಅಲಗು 16 ಮಿ.ಮೀ. ಅಗಲ ಇದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ ಬರುತ್ತದೆ. ಅಡುಗೆಮನೆಯ ಚಾಕುವಿನದು ಇದರ ಸುಮಾರು ಎರಡರಷ್ಟು. ಅಂದರೆ ಮಾಡಿದವನೇ ಕೋನ ಅಳೆದು ಬೆನ್ನಿನಲ್ಲಿ ಇಟ್ಟುಕೊಟ್ಟಿದ್ದಾನೆ. ನಿಮ್ಮ ಕೆಲಸ ಇಷ್ಟೇ: ಬೆನ್ನನ್ನು ಕಲ್ಲಿನಿಂದ ಎತ್ತಬೇಡಿ.

ಬೆನ್ನು ಸವೆಯುತ್ತದೆ ಎಂದು ಕೆಲವರು ಅದರ ಮೇಲೆ ವೈರಿಗೆ ಸುತ್ತುವ ಟೇಪು ಅಂಟಿಸುತ್ತಾರೆ. ತಪ್ಪೇನಿಲ್ಲ. ಕೋನ ಒಂದು ಡಿಗ್ರಿಯಷ್ಟು ಜಾಸ್ತಿ ಆಗುತ್ತದೆ. ಆದರೆ ಒಂದು ಸಲ ಟೇಪು ಹಾಕಿ ಇನ್ನೊಂದು ಸಲ ಹಾಕದಿದ್ದರೆ ಎರಡು ಕೋನ ಕಲಸಿಹೋಗುತ್ತವೆ. ಹಾಕುವುದಾದರೆ ಎಲ್ಲ ಕಲ್ಲಿಗೂ ಹಾಕಿ, ಹರಿದ ಕೂಡಲೇ ಬದಲಿಸಿ. ನಾನು ಹಾಕುವುದಿಲ್ಲ.

ಅಂದ ಹಾಗೆ, ಸೋಲಿಂಗೆನ್ ಅನ್ನುವುದು ಕಂಪನಿಯ ಹೆಸರಲ್ಲ. ಜರ್ಮನಿಯ ಒಂದು ಊರು. ಕತ್ತಿ, ಕತ್ತರಿ, ಚಾಕು ಮಾಡುವುದೇ ಆ ಊರಿನ ಕಸುಬು. ಆ ಹೆಸರನ್ನು ಕಂಡಕಂಡವರು ಕೊರೆಯದ ಹಾಗೆ ಅಲ್ಲಿ 1938ರಲ್ಲೇ ಕಾನೂನು ಮಾಡಿದರು. ಅಜ್ಜನ ಕತ್ತಿಯಲ್ಲಿ ಆ ಹೆಸರಿನ ಹತ್ತಿರ ಬೇರೊಂದು ಚಿತ್ರ ಅಥವಾ ಹೆಸರೂ ಇರಬಹುದು. ಮಾಡಿದವರ ಗುರುತು ಅದು.

ಕಲ್ಲಿಗೆ ಹಚ್ಚುವ ಮೊದಲು ಕತ್ತಿಯನ್ನು ಸರಿಯಾಗಿ ನೋಡಬೇಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ಒಂದು ಇರಲಿ. ಅಲಗಿನ ಹೊಟ್ಟೆಯ ಮೇಲಿನ ತುಕ್ಕಿನ ಚುಕ್ಕೆಗೆ ತಲೆಕೆಡಿಸಿಕೊಳ್ಳಬೇಡಿ. 0000 ನಂಬರಿನ ಸ್ಟೀಲ್ ವೂಲಿಗೆ ಎರಡು ಹನಿ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ. ಉಜ್ಜುವಾಗ ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಿರಿ, ವಾಪಸ್ ತರಬೇಡಿ. ಪೂರ್ತಿ ಹೋಗದಿದ್ದರೂ ಪರವಾಗಿಲ್ಲ. ಬಾಯಿಯಲ್ಲೇ ತುಕ್ಕು ತಿಂದ ಸಣ್ಣ ಹೊಂಡಗಳಿದ್ದರೆ ಕತೆ ಬೇರೆ. ಆ ಹೊಂಡ ದಾಟುವವರೆಗೂ ಉಕ್ಕನ್ನು ಸವೆಸಲೇಬೇಕು. ಇಲ್ಲದಿದ್ದರೆ ಅಲ್ಲಿ ಬಾಯಿ ಗರಗಸದ ಹಲ್ಲಿನಂತೆ ಮುರಿಯುತ್ತಲೇ ಇರುತ್ತದೆ.

ಹಿಡಿಯನ್ನು ಮೂಸಿ ನೋಡಿ. ತಮಾಷೆ ಅಲ್ಲ. ಹಳೆ ಕತ್ತಿಗಳ ಹಿಡಿ ಎಷ್ಟೋ ಸಲ ಸೆಲ್ಯುಲಾಯ್ಡಿನದು. ದಂತದ ಬಣ್ಣದ್ದೋ ಆಮೆಚಿಪ್ಪಿನ ಬಣ್ಣದ್ದೋ ಇರುತ್ತದೆ, ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಕರ್ಪೂರ ಹಾಕಿಯೇ ಅದನ್ನು ಮಾಡುತ್ತಿದ್ದರು. ಅದು ಹಳತಾಗಿ ಕೊಳೆಯಲು ಶುರುವಾದರೆ ಒಳಗಿಂದ ಆಮ್ಲದ ಆವಿ ಬಿಡುತ್ತದೆ. ಮಡಚಿಟ್ಟ ಅಲಗು ಆ ಆವಿಯಲ್ಲೇ ಕೂತು ತುಕ್ಕು ಹಿಡಿಯುತ್ತದೆ. ಎಷ್ಟು ಎಣ್ಣೆ ಹಚ್ಚಿದರೂ ನಿಲ್ಲುವುದಿಲ್ಲ. ಹಿಡಿಗೆ ಮುಚ್ಚಿಕೊಂಡಿದ್ದ ಭಾಗದಲ್ಲೇ ತುಕ್ಕು ಜಾಸ್ತಿ ಇದ್ದು, ಹಿಡಿಯಲ್ಲಿ ಬಿರುಕು, ಮಬ್ಬು, ಮೂಗಿಗೆ ಚುರುಕು ವಾಸನೆ ಇದ್ದರೆ ಹಿಡಿ ಬದಲಿಸುವುದೇ ದಾರಿ. ಬೆಂಕಿಯ ಹತ್ತಿರ ಮಾತ್ರ ಒಯ್ಯಬೇಡಿ. ಸೆಲ್ಯುಲಾಯ್ಡ್ ಭಗ್ಗೆಂದು ಹೊತ್ತಿಕೊಳ್ಳುವ ವಸ್ತು.

ಮೂರನೆಯದು ಅಲಗಿನ ಬುಡ. ನಿಮ್ಮ ಉತ್ತರ ಇಲ್ಲೇ ಅಡಗಿದೆ ಎಂದು ನನ್ನ ಅಂದಾಜು. ತೆಳು ಅಲಗು ಮುಗಿದು ದಪ್ಪ ಕುತ್ತಿಗೆ ಶುರುವಾಗುವ ಕಡೆ ಒಂದು ಉಬ್ಬು ಇರುತ್ತದೆ. ನಾವು ಅದಕ್ಕೆ ಭುಜ ಅನ್ನುತ್ತೇವೆ. ಈ ಭುಜ ಕಲ್ಲಿನ ಮೇಲೆ ಹತ್ತಿತು ಅಂದರೆ ಅದರ ಪಕ್ಕದ ಬಾಯಿ ಕಲ್ಲಿನಿಂದ ಮೇಲೇಳುತ್ತದೆ. ಮೊನೆ ಮಾತ್ರ ಕಲ್ಲಿಗೆ ತಾಗುತ್ತದೆ. ಮೊನೆ ಹರಿತ, ಬುಡ ಮೊಂಡು. ನಿಮ್ಮ ಕತ್ತಿಯ ಹಣೆಬರಹ ಅದೇ ತಾನೇ?

ಅದು ಹೌದೋ ಅಲ್ಲವೋ ತಿಳಿಯಲು ಮಾರ್ಕರ್ ಪೆನ್ನು ಸಾಕು. ಅಳಿಸದ ಶಾಯಿಯ ಮಾರ್ಕರಿನಿಂದ ಬಾಯಿಯ ಎರಡೂ ಪಕ್ಕದ ಸಣ್ಣ ಇಳಿಜಾರಿಗೆ ಉದ್ದಕ್ಕೂ ಬಣ್ಣ ಬಳಿಯಿರಿ. ಆ ಇಳಿಜಾರು ಅರ್ಧ ಮಿಲಿಮೀಟರು ಇದ್ದರೆ ಹೆಚ್ಚು. ಒಣಗಿದ ಮೇಲೆ 1000ದ ಕಲ್ಲಿನಲ್ಲಿ ಮೂರೇ ಮೂರು ಸಲ, ಹಗುರವಾಗಿ, ಎರಡೂ ಬದಿ ಎಳೆಯಿರಿ. ಭೂತಗನ್ನಡಿ ಹಿಡಿದು ನೋಡಿ. ಶಾಯಿ ಅಳಿಸಿದಲ್ಲಿ ಕಲ್ಲು ತಾಗಿದೆ, ಉಳಿದಲ್ಲಿ ತಾಗಿಲ್ಲ. ಬುಡದ ಕಡೆ ತುಟ್ಟತುದಿಯಲ್ಲಿ ಕಪ್ಪು ಗೆರೆ ಹಾಗೇ ಉಳಿದಿದ್ದರೆ, ನೀವು ಇಷ್ಟು ದಿನ ಆ ಭಾಗಕ್ಕೆ ಗಾಳಿಯಲ್ಲೇ ಮಸೆದಿದ್ದೀರಿ.

ಶಾಯಿ ಅಲೆ ಅಲೆಯಾಗಿ ಉಳಿದಿದ್ದರೆ ಕಲ್ಲೇ ಸಮ ಇಲ್ಲ ಎಂದು ತಿಳಿಯಿರಿ. ಹೊಸ ಕಲ್ಲು ಸಮ ಇರುತ್ತದೆ ಎಂದು ನಂಬಬೇಡಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ನೀರು ಚಿಮುಕಿಸಿ 320 ನಂಬರಿನ ನೀರುಕಾಗದ ಹಾಸಿ. ಪೇಂಟ್ ಅಂಗಡಿಯಲ್ಲಿ ವೆಟ್ ಪೇಪರ್ ಎಂದು ಕೇಳಿದರೆ ಕೊಡುತ್ತಾರೆ. ಕಲ್ಲಿನ ಮುಖಕ್ಕೆ ಪೆನ್ಸಿಲಿನಲ್ಲಿ ಚೌಕ ಚೌಕ ಗೆರೆ ಎಳೆದು ಕಾಗದದ ಮೇಲೆ ಉಜ್ಜಿ. ನಡುವೆ ಪೆನ್ಸಿಲ್ ಗೆರೆ ಉಳಿದಿದ್ದರೆ ಅಲ್ಲಿ ತಗ್ಗು. ಪೂರ್ತಿ ಅಳಿಸುವವರೆಗೂ ಬಿಡಬೇಡಿ. ಮತ್ತೆ ಗೆರೆ ಎಳೆದು ಮತ್ತೊಮ್ಮೆ ಮಾಡಿ. ನಾಲ್ಕೂ ಅಂಚುಗಳ ಚೂಪು ಮುರಿಯಿರಿ, ಇಲ್ಲದಿದ್ದರೆ ಕತ್ತಿಯ ಬಾಯಿಗೆ ಗೀರು ಹಾಕುತ್ತವೆ. ನಿಮ್ಮಂಥ ಜೋಡಿ ಕಲ್ಲಿನ 1000ದ ಕಡೆ ಸಾಮಾನ್ಯವಾಗಿ ನೀರು ಚೆನ್ನಾಗಿ ಕುಡಿಯುತ್ತದೆ. ಹತ್ತು ಹದಿನೈದು ನಿಮಿಷ ನೆನೆಸಿ. 6000ದ ಕಡೆಗೆ ಮೇಲೆ ನೀರು ಚಿಮುಕಿಸಿದರೆ ಸಾಕು. ಕಲ್ಲನ್ನು ಬಕೆಟ್ಟಿನಲ್ಲೇ ಬಿಟ್ಟಿಡಬೇಡಿ, ಅಂಟಿಸಿದ ಜೋಡಿ ಬಿಟ್ಟುಕೊಳ್ಳಬಹುದು.

ಈಗ ಮಸೆಯುವುದು. ಇದನ್ನು ಸಾವಕಾಶ ಹೇಳುತ್ತೇನೆ, ಏಕೆಂದರೆ ಕೆಲಸ ಇರುವುದೇ ಇಲ್ಲಿ.

ಕಲ್ಲನ್ನು ಒದ್ದೆ ಬಟ್ಟೆಯ ಮೇಲೆ ಉದ್ದಕ್ಕೆ ಇಡಿ, ಜಾರಬಾರದು. ಕತ್ತಿಯ ಕುತ್ತಿಗೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯಿರಿ. ಬೆರಳಿನಲ್ಲೇ ಹೊರಳಿಸಲು ಬರಬೇಕು, ಮಣಿಕಟ್ಟು ತಿರುಗಬಾರದು. ಅಲಗನ್ನು ನಿಮ್ಮ ಹತ್ತಿರದ ತುದಿಯಲ್ಲಿ ಮಲಗಿಸಿ. ಬೆನ್ನು ನಿಮ್ಮ ಕಡೆ, ಬಾಯಿ ಆಚೆ. ಬುಡ ಸ್ವಲ್ಪ ಮುಂದೆ, ಮೊನೆ ಸ್ವಲ್ಪ ಹಿಂದೆ ಇರಲಿ. ಭುಜ ಕಲ್ಲಿನಿಂದ ಎರಡು ಮೂರು ಮಿಲಿಮೀಟರು ಹೊರಗೇ ಇರಬೇಕು. ಆ ಎರಡು ಮೂರು ಮಿಲಿಮೀಟರು ಮಸೆಯದೆ ಉಳಿಯುತ್ತದೆ, ಉಳಿಯಲಿ. ಅದು ಮುಖಕ್ಕೆ ಬೇಕಾಗುವುದೇ ಇಲ್ಲ. ಬಾಯಿ ಮುಂದಾಗಿ ಆಚೆಗೆ ತಳ್ಳಿ. ತಳ್ಳುತ್ತಾ ತಳ್ಳುತ್ತಾ ಕತ್ತಿಯನ್ನು ಪಕ್ಕಕ್ಕೂ ಎಳೆಯಿರಿ. ಶುರುವಿನಲ್ಲಿ ಬುಡ ಕಲ್ಲಿನ ಮೇಲಿದ್ದರೆ ಕೊನೆಯಲ್ಲಿ ಮೊನೆ ಇರಬೇಕು. ಅಲಗು ಏಳು ಸೆಂಟಿಮೀಟರಿಗಿಂತ ಉದ್ದ, ಕಲ್ಲು ಅದಕ್ಕಿಂತ ಕಿರಿದು. ಹೀಗೆ ಓರೆಯಾಗಿ ಹೋಗದಿದ್ದರೆ ಯಾವುದೋ ಒಂದು ಭಾಗ ತಪ್ಪಿಯೇ ಹೋಗುತ್ತದೆ. ಆಚೆ ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೆ ಹೊರಳಿಸಿ. ಬಾಯಿ ಆಕಾಶ ನೋಡಿ ಮತ್ತೆ ಮಲಗಬೇಕು. ಅದೇ ಥರ ನಿಮ್ಮ ಕಡೆಗೆ ಎಳೆಯಿರಿ. ಎರಡೂ ಸೇರಿ ಒಂದು ಸುತ್ತು.

ಭಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮ್ಮ ಕಡೆಯವರಿಗೆ ಕತ್ತಿ ಮಸೆಯಲು ಯಾರೂ ಕಲಿಸಬೇಕಾಗಿಲ್ಲ. ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಸೊಪ್ಪಿನ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಸೆದ ಕೈ. ಆದರೆ ಅದೇ ಕೈ ಇಲ್ಲಿ ಶತ್ರು. ಅಲ್ಲಿ ಮೈಭಾರ ಹಾಕಿ ಒತ್ತಬೇಕು. ಇಲ್ಲಿ ಒತ್ತಿದರೆ ತೆಳು ಅಲಗು ಬಾಗುತ್ತದೆ. ಬಾಯಿ ಮೇಲಕ್ಕೆ ಮಡಚಿ ಅದರ ಹಿಂದಿನ ಜಾಗ ಸವೆಯುತ್ತದೆ. ಗಂಟೆಗಟ್ಟಲೆ ಮಸೆದರೂ ಹರಿತ ಬಾರದ ಗುಟ್ಟು ಇದು. ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದೆಯಾ? ಕಲ್ಲನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ, ಎಂದಿನಂತೆ ಎಳೆದು ನೋಡಿ. ಅರ್ಧ ಕಿಲೋ ತೋರಿಸಿದರೆ ಆಶ್ಚರ್ಯ ಪಡಬೇಡಿ. ಶುರುವಿನಲ್ಲಿ 200 ಗ್ರಾಂ ಸಾಕು. ಕೊನೆಗೆ ಬರುವಾಗ 100 ಗ್ರಾಮಿಗಿಂತ ಕೆಳಗೆ, ಅಂದರೆ ಹೆಚ್ಚುಕಡಿಮೆ ಕತ್ತಿಯ ಸ್ವಂತ ಭಾರ ಅಷ್ಟೇ.

ಎಷ್ಟು ಸುತ್ತು ಎಂದು ಕೇಳಬೇಡಿ. ಎಣಿಕೆಯೇ ನಿಮ್ಮನ್ನು ಕೆಡಿಸಿದ್ದು. ಇಪ್ಪತ್ತು ಸುತ್ತು ಮಾಡಿ, ಒರೆಸಿ, ನೋಡಿ. ಮತ್ತೆ ಇಪ್ಪತ್ತು. ಅಜ್ಜನ ಕಾಲದಿಂದ ಕಲ್ಲು ಕಾಣದ ಕತ್ತಿಗೆ ಎರಡು ಸಂಜೆ ಹಿಡಿದರೂ ಹಿಡಿಯಿತು. ಬುಡ ಹಿಂದೆ ಬಿದ್ದಿದೆ ಎಂದು ಬುಡವನ್ನು ಮಾತ್ರ ಒತ್ತಿ ತಿಕ್ಕುವ ಮನಸ್ಸಾಗುತ್ತದೆ. ಬೇಡ. ಭುಜ ಹೊರಗಿಟ್ಟು ಪೂರ್ತಿ ಅಲಗನ್ನು ಎಳೆಯುತ್ತಾ ಹೋದರೆ ಬುಡ ತಾನಾಗಿ ಬರುತ್ತದೆ.

ಬಂದಿದೆ ಎಂದು ತಿಳಿಯುವುದು ಹೇಗೆ? ದೀಪದ ಕೆಳಗೆ ಬಿಳಿ ಗೆರೆ ಎಲ್ಲೂ ಇರಬಾರದು. ಇದು ಮೊದಲನೆಯದು. ಎರಡನೆಯದು, ಮುಂಗೈಯ ಕೂದಲನ್ನು ಚರ್ಮಕ್ಕೆ ತಾಗಿಸಿ ಬುಡದಿಂದ, ನಡುವಿನಿಂದ, ಮೊನೆಯಿಂದ ಬೇರೆ ಬೇರೆಯಾಗಿ ತೆಗೆದು ನೋಡಿ. ಮೂರೂ ಕಡೆ ಒಂದೇ ರೀತಿ ತೆಗೆಯಬೇಕು. ಮೂರನೆಯದು ನನಗೆ ಇಷ್ಟ. ಒಂದು ಹಣ್ಣು ಟೊಮೆಟೊ ತೆಗೆದುಕೊಳ್ಳಿ. ಕತ್ತಿಯನ್ನು ಅದರ ಮೇಲಿಟ್ಟು, ಒತ್ತದೆ, ಒಂದು ಇಂಚು ಎಳೆಯಿರಿ. ಬಾಯಿ ಹುಟ್ಟಿದ್ದರೆ ಸಿಪ್ಪೆಯೊಳಗೆ ಸುಮ್ನೆ ಇಳಿಯುತ್ತದೆ. ಹುಟ್ಟಿಲ್ಲದಿದ್ದರೆ ಸಿಪ್ಪೆಯ ಮೇಲೆ ಜಾರುತ್ತದೆ. ಬುಡ, ನಡು, ಮೊನೆ ಮೂರಕ್ಕೂ ಮಾಡಿ. ಆಮೇಲೆ ಕತ್ತಿ ತೊಳೆಯಿರಿ, ಟೊಮೆಟೊ ಹುಳಿ ಉಕ್ಕಿಗೆ ಆಗುವುದಿಲ್ಲ. ಟೊಮೆಟೊ ಸಾರಿಗೆ ಹಾಕಿ.

ಹೆಬ್ಬೆರಳಿನಿಂದ ಹರಿತ ನೋಡುವವರೂ ಇದ್ದಾರೆ. ನಾನೂ ನೋಡುತ್ತೇನೆ. ಬೆರಳನ್ನು ಬಾಯಿಗೆ ಅಡ್ಡವಾಗಿ ಮಾತ್ರ ಸರಿಸಬೇಕು, ಉದ್ದಕ್ಕೆ ಅಲ್ಲ. ಉದ್ದಕ್ಕೆ ಸರಿಸಿದವರ ಹೆಬ್ಬೆರಳಿನ ಕತೆ ಹೇಳುವುದು ಬೇಡ. ಮೊದಲ ಕತ್ತಿಗೆ ಟೊಮೆಟೊವೇ ಸಾಕು.

ಟೊಮೆಟೊ ಒಪ್ಪಿಕೊಂಡ ಮೇಲೆಯೇ 6000. ಕಲ್ಲು, ಕೈ, ಕತ್ತಿ ಎಲ್ಲ ತೊಳೆದುಕೊಳ್ಳಿ. 1000ದ ಒಂದು ಕಣ ಇಲ್ಲಿಗೆ ಬಂದರೂ ಗೀರು ಬೀಳುತ್ತದೆ. ಇಲ್ಲಿ ಹೆಚ್ಚು ಹೇಳಲು ಏನೂ ಇಲ್ಲ. ಅದೇ ಓರೆ ಎಳೆತ, ಇನ್ನೂ ಹಗುರ. ಹಳೆ ಗೀರುಗಳು ಭೂತಗನ್ನಡಿಯಲ್ಲಿ ಕಾಣದಾಗುವವರೆಗೆ. ಸಾಮಾನ್ಯವಾಗಿ ನಲವತ್ತು ಐವತ್ತು ಸುತ್ತು. ಇಲ್ಲಿ ನೀರನ್ನು ಗಮನಿಸಿ. ಬಾಯಿ ನುಣುಪಾಗುತ್ತಾ ಬಂದ ಹಾಗೆ, ಎದುರಿಗಿನ ನೀರು ಮುಂದಕ್ಕೆ ತಳ್ಳಿಸಿಕೊಳ್ಳುವುದು ಬಿಟ್ಟು ಅಲಗಿನ ಮೇಲೆ ಹತ್ತಿ ಬರುತ್ತದೆ. ಬಾಯಿ ನೀರಿನ ಅಡಿಗೆ ನುಗ್ಗುತ್ತಿದೆ ಎಂದು ಅರ್ಥ. ಬುಡದಿಂದ ಮೊನೆಯವರೆಗೆ ಒಂದೇ ಸಮ ಹತ್ತಿದರೆ ಖುಷಿ ಪಡಿ.

ಹರಿತ ಬಂತು, ಇನ್ನೂ ಮಸೆದರೆ ಇನ್ನೂ ಹರಿತ ಬರಬಹುದು ಎಂದು ಮುಂದುವರಿಸುತ್ತಾ ಹೋಗಬೇಡಿ. ಬಾಯಿ ಅತಿ ತೆಳುವಾಗಿ ಜರಿಯ ಹಾಗೆ ತುದಿಯಲ್ಲಿ ಜೋತುಬೀಳುತ್ತದೆ. ಮೊದಲ ಎಳೆತಕ್ಕೆ ಅದ್ಭುತ, ಎರಡನೆಯದಕ್ಕೆ ಮುರಿದು ಗರಗಸ. ಹಾಗೇನಾದರೂ ಆದರೆ ಬಾಯಿಯನ್ನು ಕಲ್ಲಿನ ಮೂಲೆಯ ಮೇಲೆ ಬಹಳ ಹಗುರವಾಗಿ ಒಮ್ಮೆ ನೆಟ್ಟಗೆ ಎಳೆದು ಆ ಜರಿ ಉದುರಿಸಿ. ಮತ್ತೆ 1000ದಿಂದ ಶುರು.

6000ದ ಮೇಲೆ ಏನು? ಅಂತೂ 12000ಕ್ಕೆ ಬಂದೆವು ಎಂದುಕೊಳ್ಳಬೇಡಿ. ಹಸಿರು ಪುಡಿ ಅಥವಾ ಪೇಸ್ಟಿನ ರೂಪದಲ್ಲಿ ಕ್ರೋಮಿಯಂ ಆಕ್ಸೈಡ್ ಸಿಗುತ್ತದೆ. ಕತ್ತಿಗೆಂದು ಮಾರುವುದರ ಕಣ ಸುಮಾರು ಅರ್ಧ ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ಕೂದಲಿನ ದಪ್ಪ ಎಪ್ಪತ್ತು ಮೈಕ್ರಾನ್ ಆಸುಪಾಸು, ಅಂದಾಜು ಸಿಕ್ಕಿತಲ್ವಾ? ನುಣುಪಾದ ಬಾಲ್ಸಾ ಎಂಬ ಮೆತ್ತನೆ ಮರದ ಪಟ್ಟಿಗೋ ದಪ್ಪ ಹತ್ತಿ ಬಟ್ಟೆಗೋ ತೆಳ್ಳಗೆ ಸವರಿ ಹತ್ತು ಹದಿನೈದು ಸುತ್ತು ಎಳೆಯಿರಿ. ಇಲ್ಲಿಂದ ಮುಂದೆ ಎಲ್ಲವೂ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ. ಗಡ್ಡ ತೆಗೆಯಲು ಇಷ್ಟು ಬೇಕಾದಷ್ಟಾಯಿತು. ವರ್ಷ ಕಳೆದು ಈ ಹುಚ್ಚು ಬಿಡದಿದ್ದರೆ ಆಗ 12000 ತೆಗೆದುಕೊಳ್ಳಿ. ಅಥವಾ ಒಂದು ಮೈಕ್ರಾನಿನ ಲ್ಯಾಪಿಂಗ್ ಫಿಲ್ಮ್. ಆಪ್ಟಿಕಲ್ ಫೈಬರ್ ತುದಿಗಳನ್ನು ಪಾಲಿಶ್ ಮಾಡಲು ಬಳಸುವ ಹಾಳೆ ಅದು. ಗಾಜಿನ ಮೇಲೆ ನೀರು ಹಾಕಿ ಅಂಟಿಸಿದರೆ ಕಲ್ಲಿನಂತೆಯೇ ಕೆಲಸ ಮಾಡುತ್ತದೆ. ಕಲ್ಲಿಗಿಂತ ಅಗ್ಗ ಬೇರೆ.

ಇನ್ನು ನಿಮ್ಮ ಬೆಲ್ಟು. ಅದನ್ನು ಸೊಂಟಕ್ಕೇ ಕಟ್ಟಿಕೊಳ್ಳಿ. ಈಗ ಬರುವ ಬೆಲ್ಟಿನಲ್ಲಿ ಎಷ್ಟೋ ಸಲ ಮೇಲೆ ಬಣ್ಣದ ಪದರ, ಒಳಗೆ ಚೂರು ಚರ್ಮ ಅಂಟಿಸಿದ್ದು, ಅಂಚಿಗೆ ಹೊಲಿಗೆ. ಆ ಹೊಲಿಗೆಗೆ ತಾಗಿದರೇ ಸಾಕು ಬಾಯಿ ಹೋಯಿತು. ಅದಕ್ಕಿಂತ ಮುಖ್ಯ, ನೀವು ಬೆಲ್ಟನ್ನು ಸಡಿಲ ಹಿಡಿದಿರುತ್ತೀರಿ, ಜೊತೆಗೆ ಒತ್ತುತ್ತೀರಿ. ಚರ್ಮ ಬಾಗುತ್ತದೆ, ಬಾಯಿಯನ್ನು ಸುತ್ತಿಕೊಳ್ಳುತ್ತದೆ, ತುದಿ ದುಂಡಗಾಗುತ್ತದೆ. ಎಳೆದಷ್ಟೂ ಮೊಂಡಾಗುವುದು ಹೀಗೆ.

ಐದಾರು ಸೆಂಟಿಮೀಟರು ಅಗಲದ, ಹೊಲಿಗೆ ಇಲ್ಲದ, ಹದ ಮಾಡಿದ ದನದ ಅಥವಾ ಎಮ್ಮೆಯ ಚರ್ಮದ ಪಟ್ಟಿ ಒಂದು ಬೇಕು. ಒಂದು ತುದಿ ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿ ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಬೆನ್ನು ಚಪ್ಪಟೆ ಮಲಗಿರಲಿ. ಬೆನ್ನು ಮುಂದಾಗಿ ಆಚೆ ಹೋಗಿ, ಬೆನ್ನಿನ ಮೇಲೇ ಹೊರಳಿ, ಬೆನ್ನು ಮುಂದಾಗಿ ಈಚೆ ಬನ್ನಿ. ಹೊರಳಿಸುವಾಗ ಬೆನ್ನು ಚರ್ಮ ಬಿಟ್ಟು ಏಳಬಾರದು. ಮೊದಲು ಹಸಿರು ಪುಡಿ ಸವರದ ದಪ್ಪ ಬಟ್ಟೆಯ ಮೇಲೆ ಇಪ್ಪತ್ತೈದು ಸುತ್ತು, ಆಮೇಲೆ ಚರ್ಮದ ಮೇಲೆ ಐವತ್ತು. ಪ್ರತಿ ಸಲ ಗಡ್ಡ ತೆಗೆಯುವ ಮೊದಲು ಇಷ್ಟು ಆಗಬೇಕು. ನೀವು ನೋಡಿದ ವಿಡಿಯೋಗಳಲ್ಲಿ ಚಟಪಟ ಎಳೆಯುವುದನ್ನು ಮರೆತುಬಿಡಿ. ಅಪ್ಪನ ಅಂಗಡಿಯಲ್ಲಿ ಹಾಗೆ ಜೋರು ತೋರಿಸಲು ಹೋಗಿ ಮೊದಲ ವಾರವೇ ಪಟ್ಟಿಯನ್ನು ನಡುವೆ ಕೊಯ್ದವನು ನಾನು. ಅಪ್ಪ ಎಂಟು ದಿನ ಮಾತಾಡಲಿಲ್ಲ. ಕೊಯ್ದ ಅಂಚನ್ನು ಮರಳುಕಾಗದದಿಂದ ತಿಕ್ಕಿ ಸಮ ಮಾಡಿ ಅದನ್ನೇ ವರ್ಷಗಟ್ಟಲೆ ಬಳಸಿದೆವು. ನಿಮ್ಮದೂ ಕೊಯ್ದುಹೋಗುತ್ತದೆ, ಅದಕ್ಕೇ ಮೊದಲ ಪಟ್ಟಿ ದುಬಾರಿಯದು ಬೇಡ.

ಅಪ್ಪ ಕೊನೆಗೆ ಅಂಗೈ ಮೇಲೆ ನಾಲ್ಕು ಸಲ ಎಳೆಯುತ್ತಿದ್ದರು. ಹಳೆಯ ಕ್ಷೌರಿಕರಲ್ಲಿ ಅದು ರೂಢಿ. ನನಗೆ ಬರುತ್ತದೆ. ನೀವು ಮಾಡಬೇಡಿ.

ಕತ್ತಿ ಹರಿತವಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಶತ್ರು ಮಳೆ. ಈ ಹಳೆ ಉಕ್ಕು ಸ್ಟೇನ್‌ಲೆಸ್ ಅಲ್ಲ. ಜೂನ್ ಬಂದರೆ ಕರಾವಳಿಯಲ್ಲಿ ಉಪ್ಪು ಗಾಳಿ, ನಿಮ್ಮ ಘಟ್ಟದ ಮೇಲೆ ತಿಂಗಳುಗಟ್ಟಲೆ ಒಣಗದ ತೇವ. ರಾತ್ರಿ ಒರೆಸದೆ ಇಟ್ಟ ಕತ್ತಿಯಲ್ಲಿ ಬೆಳಿಗ್ಗೆ ಕಂದು ಚುಕ್ಕೆ. ಚುಕ್ಕೆ ಹುಟ್ಟುವುದೂ ತೆಳುವಾದ ಬಾಯಿಯಲ್ಲೇ ಮೊದಲು. ಗಡ್ಡ ಆದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಇಲ್ಲಿ ಸಮುದ್ರದ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಆ ನೀರು ಈ ಕೆಲಸಕ್ಕೆ ಬೇಡ. ಬೆನ್ನಿನಿಂದ ಬಾಯಿಯ ಕಡೆ ಒರೆಸಿ, ಪುಡಿ ಸವರದ ಆ ದಪ್ಪ ಬಟ್ಟೆಯ ಮೇಲೆ ನಾಲ್ಕಾರು ಸಲ ಎಳೆದು, ತೆರೆದು ಸ್ವಲ್ಪ ಹೊತ್ತು ಗಾಳಿಗಿಡಿ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ತೆಂಗಿನೆಣ್ಣೆ ಎಲ್ಲರ ಮನೆಯಲ್ಲೂ ಇರುತ್ತದೆ, ನಾಲ್ಕು ದಿನಕ್ಕೆ ಆಗುತ್ತದೆ. ತಿಂಗಳುಗಟ್ಟಲೆ ಇಟ್ಟರೆ ಅಂಟಾಗಿ ಕನರುತ್ತದೆ. ಬಚ್ಚಲಲ್ಲಿ ಇಡಬೇಡಿ. ಚರ್ಮದ ಚೀಲದಲ್ಲೂ ಬೇಡ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಔಷಧಿ ಬಾಟಲಿಯೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ ಇಡಿ. ಚರ್ಮದ ಪಟ್ಟಿಗೆ ಬೂಸ್ಟು ಬರುವುದು ಖಂಡಿತ. ಒಣ ಬಟ್ಟೆಯಲ್ಲಿ ಒರೆಸಿ ಗಾಳಿಯಾಡುವಲ್ಲಿ ತೂಗುಹಾಕಿ. ಒಲೆಯ ಮೇಲೆ ತೂಗಿದರೆ ಬಿರಿಯುತ್ತದೆ.

ಮುಖಕ್ಕೆ ಇಡುವಾಗ: ಬಿಸಿನೀರಿನ ಸ್ನಾನ ಆದ ಮೇಲೆ, ಬ್ರಷ್ಷಿನಲ್ಲಿ ಸೋಪಿನ ನೊರೆ ದಪ್ಪಗೆ ಹಚ್ಚಿ. ಚರ್ಮ ಎಳೆದು ಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆ ಮಾಡಿ ಕೂದಲು ಬೆಳೆದ ದಿಕ್ಕಿನಲ್ಲೇ ಇಳಿಸಿ. ಮೊದಲ ಹದಿನೈದು ದಿನ ಎರಡು ಕೆನ್ನೆ ಮಾತ್ರ. ಗದ್ದ, ಮೀಸೆ, ಕುತ್ತಿಗೆಗೆ ನಿಮ್ಮ ಹಳೆ ಬ್ಲೇಡೇ ಇರಲಿ. ಗೀರಿದರೆ ಪಟಿಕ ಒತ್ತಿ. ಕತ್ತಿ ಕೈಜಾರಿದರೆ ಹಿಡಿಯಲು ಹೋಗಬೇಡಿ ಮಾರಾಯ್ರೆ, ಕಾಲು ಹಿಂದೆ ತೆಗೆಯಿರಿ. ಮತ್ತೆ ಈ ಕತ್ತಿ ನಿಮ್ಮ ಒಬ್ಬರದೇ. ಅಣ್ಣತಮ್ಮಂದಿರಿಗೂ ಕೊಡಬೇಡಿ. ರಕ್ತದಿಂದ ಹರಡುವ ರೋಗಗಳ ಅರಿವು ಬಂದ ಮೇಲೆ ನಮ್ಮ ಅಂಗಡಿಗಳಲ್ಲೂ ಇದನ್ನು ಒಳಗಿಟ್ಟು ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡ್ ಹಾಕುವ ಕತ್ತಿಗೆ ಬಂದೆವು. ಆ ಬ್ಲೇಡಿಗೆ ಕಲ್ಲೂ ಬೇಡ, ಪಟ್ಟಿಯೂ ಬೇಡ. ಮಸೆಯುವುದು ಅಂಗಡಿಯಿಂದ ಮರೆಯಾದದ್ದು ಹಾಗೆ.

ಎರಡು ಸಂಜೆ 1000ದ ಕಲ್ಲಿನಲ್ಲಿ ಕೂತ ಮೇಲೂ ಬುಡದ ಕಡೆ ಟೊಮೆಟೊ ಸಿಪ್ಪೆ ಜಾರಿದರೆ ಮತ್ತೆ ಬರೆಯಿರಿ. ಮಾರ್ಕರ್ ಬಳಿದು ಮೂರು ಸಲ ಎಳೆದ ಮೇಲೆ ಎರಡೂ ಬದಿಯ ಫೋಟೋ ತೆಗೆದು ಕಳಿಸಿ, ಜೊತೆಗೆ ಭುಜದ ಹತ್ತಿರದ್ದೂ ಒಂದು. ಒಂದು ಬದಿಯಲ್ಲಿ ಬುಡದ ಶಾಯಿ ಉಳಿದು ಇನ್ನೊಂದು ಬದಿಯಲ್ಲಿ ನಡುವಿನ ಶಾಯಿ ಉಳಿದಿದ್ದರೆ ಅಲಗು ಸ್ವಲ್ಪ ಬಾಗಿದೆ. ಅದಕ್ಕೆ ಎಳೆತವೇ ಬೇರೆ ಥರ, ಆ ಫೋಟೋ ನೋಡಿಯೇ ಹೇಳಬೇಕು.